ಮೈಯಲ್ಲಿ ರಕ್ತ ಕಮ್ಮಿ: ಕಬ್ಬಿಣದ ಕೊರತೆ ಹೌದೋ ಅಲ್ಲವೋ, ಪತ್ತೆ ಹಚ್ಚುವ ಕೈಪಿಡಿ

‘ಮೈಯಾಗ ರಕ್ತ ಕಮ್ಮಿ ಅದ ಅಂದಾರ’ ಎಂಬ ಮಾತು ಕಲಬುರಗಿ, ಬೀದರ, ಯಾದಗಿರಿ ಕಡೆಯ ಯಾವ ದವಾಖಾನೆಯ ಮುಂದೆ ನಿಂತರೂ ಕಿವಿಗೆ ಬೀಳುತ್ತದೆ. ಹಾಗೆ ಹೇಳಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಇರುವುದು ಕಬ್ಬಿಣದ ಕೊರತೆಯೇ. ಆದರೆ ಬಿ12 ಜೀವಸತ್ವದ ಕೊರತೆ, ಹುಟ್ಟಿನಿಂದ ಬಂದ ರಕ್ತದ ಕಾಯಿಲೆ ಥಲಸ್ಸೀಮಿಯಾ, ಮೂತ್ರಪಿಂಡದ ಕಾಯಿಲೆ, ಬಹಳ ದಿನದ ಸೋಂಕು, ಇವುಗಳಲ್ಲೂ ರಕ್ತ ಕಮ್ಮಿಯಾಗುತ್ತದೆ. ಎಚ್‌ಬಿ, ಅಂದರೆ ಹಿಮೋಗ್ಲೋಬಿನ್, ಎಂಬ ಒಂದೇ ಅಂಕಿಯಿಂದ ಇವನ್ನು ಬೇರ್ಪಡಿಸಲು ಆಗದು. ಕಬ್ಬಿಣವೇ ಕಮ್ಮಿ ಎಂದು ಖಾತ್ರಿಯಾದ ಮೇಲೂ ಅದು ಯಾಕೆ ಕಮ್ಮಿಯಾಯಿತು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಕಾರಣ ಹುಡುಕದೆ ಟಾನಿಕ್ ಮೇಲೆ ಟಾನಿಕ್ ಕುಡಿದವರು ಆರು ತಿಂಗಳಿಗೆ ಮತ್ತೆ ಅದೇ ಬಾಗಿಲಿಗೆ ಬರುತ್ತಾರೆ. ಹಾಗಾಗಿ ಖರ್ಚಿಲ್ಲದ ತಪಾಸಣೆಯಿಂದ ಶುರುಮಾಡಿ ಒಂದೊಂದೇ ಹಂತ ಮೇಲೇರುವುದು ಒಳ್ಳೆಯದು.

ಈ ಲಕ್ಷಣವಿದ್ದರೆ ಮುಂದೆ ಓದುತ್ತ ಕೂಡಬೇಡಿ

ಕೂತಲ್ಲೇ ದಮ್ಮು ಹತ್ತುವುದು, ಎದೆನೋವು, ಪ್ರಜ್ಞೆ ತಪ್ಪಿ ಬೀಳುವುದು, ರಕ್ತದ ವಾಂತಿ, ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ವಿಪರೀತ ನಾರುವ ಸಂಡಾಸ, ತಾಸಿಗೊಂದು ಪ್ಯಾಡ್ ತೊಯ್ದು ಹೋಗುವಷ್ಟು ಮುಟ್ಟಿನ ಸ್ರಾವ, ಗರ್ಭಿಣಿಯ ಎಚ್‌ಬಿ 7ಕ್ಕಿಂತ ಕೆಳಗಿಳಿದಿರುವುದು, ಕೂಸು ಬಿಳಿಚಿಕೊಂಡು ಹಾಲು ಕುಡಿಯಲೂ ಸುಸ್ತಾಗುವುದು. ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ದವಾಖಾನೆಗೆ ಹೋಗಬೇಕು. ನಡೆಯಲು ಆಗದಿದ್ದರೆ 108ಕ್ಕೆ ಫೋನ್ ಮಾಡಿ. ರಕ್ತ ಏರಿಸುವ ಸೌಲಭ್ಯವಿರುವ ಕಡೆಗೇ ಹೋದರೆ ಮೇಲು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಸರ್ಕಾರಿ ಮೆಡಿಕಲ್ ಕಾಲೇಜು ದವಾಖಾನೆ ಇವಕ್ಕೆಲ್ಲ ಸರ್ಕಾರಿ ಆಸರೆಗಳು.

ದಣಿವು, ಚಕ್ಕರ್, ಮೆಟ್ಟಿಲು ಹತ್ತಿದರೆ ದಮ್ಮು

ಏಪ್ರಿಲ್-ಮೇ ಬಿಸಿಲಿನಲ್ಲಿ ಹೊಲದಿಂದ ಬಂದವರೆಲ್ಲ ದಣಿದೇ ಇರುತ್ತಾರೆ. ನೀರು, ಉಪ್ಪು ಕಮ್ಮಿಯಾದ ಸುಸ್ತು ಮಜ್ಜಿಗೆ ಕುಡಿದು ನೆರಳಲ್ಲಿ ಮಲಗಿದರೆ ಇಳಿಯುತ್ತದೆ. ರಕ್ತ ಕಮ್ಮಿಯಾದ ಸುಸ್ತು ರಾತ್ರಿಯೆಲ್ಲ ನಿದ್ದೆಯಾದರೂ ಬೆಳಗ್ಗೆ ಹಾಗೇ ಇರುತ್ತದೆ. ಮೊದಲು ಒಂದೇ ಉಸಿರಿಗೆ ತರುತ್ತಿದ್ದ ಕೊಡ ನೀರನ್ನು ಈಗ ನಡುವೆ ಎರಡು ಸಲ ಇಳಿಸುವಂತಾಗಿದ್ದರೆ ಅದು ಗಮನಿಸಬೇಕಾದ ಬದಲಾವಣೆ.

ಮನೆಯಲ್ಲೇ ನೋಡುವುದಾದರೆ ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ನಿಲ್ಲಿಸಿ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆಯಿರಿ. ರೆಪ್ಪೆಯ ಒಳಗಿನ ಮುಂಭಾಗದ ಅಂಚು ಸಾಮಾನ್ಯವಾಗಿ ಹಿಂಭಾಗಕ್ಕಿಂತ ಕೆಂಪಗಿರುತ್ತದೆ. ಎರಡೂ ಒಂದೇ ಬಗೆ ಬಿಳಿಚಿಕೊಂಡಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಅಂಗೈ ಗೆರೆ, ನಾಲಗೆ, ಉಗುರಿನ ಬುಡ ಕೂಡ ನೋಡಿ. ಟ್ಯೂಬ್‌ಲೈಟಿನಲ್ಲಿ ಎಲ್ಲರ ಕಣ್ಣೂ ಬಿಳಿಚಿದಂತೆ ಕಾಣುತ್ತವೆ. ರೆಪ್ಪೆ ಕೆಂಪಗಿದೆ ಎಂದು ಕೊರತೆ ಇಲ್ಲವೆನ್ನಲೂ ಬರುವುದಿಲ್ಲ. ಎಚ್‌ಬಿ ಸಾಕಷ್ಟು ಇಳಿದ ಮೇಲಷ್ಟೇ ಈ ಗುರುತು ಕಾಣುವುದು.

ಬಳಪ, ಮಣ್ಣು, ಹಸಿ ಅಕ್ಕಿ ತಿನ್ನುವ ಆಸೆ

ಡಾಕ್ಟರ ಮುಂದೆ ಯಾರೂ ತಾವಾಗಿ ಹೇಳದ ಲಕ್ಷಣ ಇದು. ಬಳಪ, ಗೋಡೆಯ ಸುಣ್ಣ, ಒಲೆಯ ಬೂದಿ, ಎರಿ ಮಣ್ಣು, ಹಸಿ ಅಕ್ಕಿ, ಬರ್ಫ ತಿನ್ನದೆ ಇರಲಾಗದಂಥ ಆಸೆ ಕಬ್ಬಿಣದ ಕೊರತೆಯನ್ನು ಬಲವಾಗಿ ಸೂಚಿಸುತ್ತದೆ. ಇದು ಕೆಟ್ಟ ಚಟವಲ್ಲ, ಬೈದರೆ ಬಿಡುವುದೂ ಇಲ್ಲ. ಕಬ್ಬಿಣ ತುಂಬಿಕೊಂಡಂತೆ ತಾನಾಗಿ ಬಿಟ್ಟುಹೋಗುತ್ತದೆ. ಮಣ್ಣು ತಿನ್ನುವುದರಿಂದ ಹೊಟ್ಟೆಯಲ್ಲಿ ಹುಳ ಆಗುತ್ತವೆ, ಒಳಗೆ ಹೋದ ಕಬ್ಬಿಣವೂ ಸರಿಯಾಗಿ ಹೀರಲ್ಪಡುವುದಿಲ್ಲ. ಅಂದರೆ ಕೊರತೆಯೇ ಕೊರತೆಯನ್ನು ಹೆಚ್ಚಿಸುತ್ತ ಹೋಗುತ್ತದೆ. ನಡುವೆ ಗುಳಿಬಿದ್ದ ಉಗುರು, ಬಾಯಿಯ ಮೂಲೆ ಸೀಳುವುದು, ಕೂದಲು ಉದುರುವುದು, ರಾತ್ರಿ ಮಲಗಿದಾಗ ಕಾಲು ಅಲ್ಲಾಡಿಸದೆ ಇರಲಾಗದ ಸಂಕಟ, ಇವೂ ಇದರ ಜೊತೆಗೆ ಬರಬಹುದು.

ಬೆರಳು ಚುಚ್ಚಿದಾಗ ಒಂದು ಅಂಕಿ, ಲ್ಯಾಬಿನಲ್ಲಿ ಇನ್ನೊಂದು

ಉಪಕೇಂದ್ರ, ಅಂಗನವಾಡಿ, ಶಾಲೆಯ ಶಿಬಿರಗಳಲ್ಲಿ ಬೆರಳು ಚುಚ್ಚಿ ಎಚ್‌ಬಿ ನೋಡುತ್ತಾರೆ. ಇದಕ್ಕೆ ದುಡ್ಡಿಲ್ಲ, ಎಲ್ಲಿಗೂ ಅಲೆಯಬೇಕಿಲ್ಲ. ಯಾರಿಗೆ ಮುಂದಿನ ಪರೀಕ್ಷೆ ಬೇಕು ಎಂದು ಆರಿಸುವುದಕ್ಕೆ ಇದು ಸಾಕು. ಆದರೆ ಅಂಕಿ 0.5ರಿಂದ 1 ಗ್ರಾಂವರೆಗೆ ಆಚೀಚೆ ಆಗುವುದುಂಟು, ಅದಕ್ಕೆ ಹೆಚ್ಚಾಗಿ ಚುಚ್ಚುವ ರೀತಿಯೇ ಕಾರಣ. ರಕ್ತ ಬರಲಿಲ್ಲವೆಂದು ಬೆರಳನ್ನು ಹಿಂಡಿದರೆ ರಕ್ತದ ಜೊತೆ ಮಾಂಸದೊಳಗಿನ ನೀರೂ ಸೇರಿ ಅಂಕಿ ಇಳಿಯುತ್ತದೆ. ಸ್ಪಿರಿಟ್ ಆರುವ ಮೊದಲೇ ಚುಚ್ಚಿದರೂ ಹಾಗೇ. ಕೈ ಬಿಸಿಯಾಗುವಂತೆ ಉಜ್ಜಿ, ನಡುಬೆರಳು ಇಲ್ಲವೆ ಉಂಗುರ ಬೆರಳಿನ ತುದಿಯ ಪಕ್ಕಕ್ಕೆ ಒಂದೇ ಸಲ ಆಳವಾಗಿ ಚುಚ್ಚಿ, ಮೊದಲ ಹನಿ ಒರೆಸಿ ಮುಂದಿನ ಹನಿ ತಗೊಳ್ಳಬೇಕು. ರಕ್ತದ ಹನಿ ಹಾಕಿ ಯಂತ್ರಕ್ಕೆ ಕೊಡುವ ಪಟ್ಟಿಗಳನ್ನು ಬಾಯಿ ತೆರೆದ ಡಬ್ಬಿಯಲ್ಲಿ ಬಿಸಿಲಿಗೆ ಇಟ್ಟಿದ್ದರೆ ನಂಬಬಾರದು. ಗಾಜಿನ ಕೊಳವೆಯಲ್ಲಿ ಬಣ್ಣ ಹೋಲಿಸಿ ನೋಡುವ ಹಳೆಯ ಸಾಹ್ಲಿ ವಿಧಾನದಲ್ಲಿ ನೋಡುವವರ ಕಣ್ಣಿನಂತೆ ಅಂಕಿ ಬದಲಾಗುತ್ತದೆ.

ಹೋದ ತಿಂಗಳು ಒಂದು ಯಂತ್ರ, ಈ ತಿಂಗಳು ಇನ್ನೊಂದು ಯಂತ್ರದಲ್ಲಿ ನೋಡಿ ‘ರಕ್ತ ಏರಿತು, ಇಳಿಯಿತು’ ಎಂದು ಲೆಕ್ಕ ಹಾಕಬೇಡಿ. ಅಂಕಿ ಗಡಿಯಲ್ಲಿದ್ದರೆ ಕೈಯ ನರದಿಂದ ರಕ್ತ ಕೊಟ್ಟು ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆಯ ಪರೀಕ್ಷೆ, ಮಾಡಿಸಿ.

ಎಚ್‌ಬಿ ಕಮ್ಮಿ ಬಂದಿದೆ: ಸಿಬಿಸಿ ವರದಿಯಲ್ಲಿ ಮುಂದೇನು ನೋಡಬೇಕು?

ಸಾಮಾನ್ಯ ಗಡಿ ಹೀಗಿದೆ: ಹೆಂಗಸರಿಗೆ 12, ಗಂಡಸರಿಗೆ 13, ಗರ್ಭಿಣಿಯರಿಗೆ 11 ಗ್ರಾಂ. 5ರಿಂದ 11 ವಯಸ್ಸಿನ ಮಕ್ಕಳಿಗೆ 11.5. ಇದಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. ಗರ್ಭಿಣಿಯರನ್ನು ಬಿಟ್ಟು ದೊಡ್ಡವರಲ್ಲಿ 8ಕ್ಕಿಂತ ಕೆಳಗಿದ್ದರೆ ಅದು ತೀವ್ರ.

ಹೆಚ್ಚಿನವರು ಎಚ್‌ಬಿ ನೋಡಿ ಕಾಗದ ಮಡಚಿಡುತ್ತಾರೆ. ಬೇಕಾದ ಸುಳಿವು ಅದರ ಕೆಳಗಿನ ಸಾಲುಗಳಲ್ಲಿ ಇರುತ್ತದೆ. ಎಂಸಿವಿ ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ. 80ರಿಂದ 100 ಸರಿ. ಎಂಸಿಎಚ್ ಅಂದರೆ ಒಂದು ಕಣದಲ್ಲಿರುವ ಹಿಮೋಗ್ಲೋಬಿನ್. 27ಕ್ಕಿಂತ ಕೆಳಗಿದ್ದರೆ ಕಮ್ಮಿ. ಆರ್‌ಡಿಡಬ್ಲ್ಯೂ ಕಣಗಳ ಗಾತ್ರ ಎಷ್ಟು ಏರುಪೇರಾಗಿದೆ ಎಂದು ಹೇಳುತ್ತದೆ, 14.5 ದಾಟಿದರೆ ಹೆಚ್ಚು. ಕಬ್ಬಿಣ ಸಾಲದಿದ್ದಾಗ ಎಲುಬಿನೊಳಗಿನ ಮಜ್ಜೆಯಲ್ಲಿ ಹುಟ್ಟುವ ಕಣಗಳು ಸಣ್ಣವಾಗುತ್ತ, ಬಣ್ಣಗೆಡುತ್ತ ಹೋಗುತ್ತವೆ. ಮೊದಲು ಹುಟ್ಟಿದ ದೊಡ್ಡ ಕಣಗಳೂ ಇನ್ನೂ ಓಡಾಡುತ್ತಿರುತ್ತವೆ. ಹೀಗಾಗಿ ಎಂಸಿವಿ, ಎಂಸಿಎಚ್ ಎರಡೂ ಕಮ್ಮಿ, ಆರ್‌ಡಿಡಬ್ಲ್ಯೂ ಹೆಚ್ಚು ಎಂಬ ಜೋಡಣೆ ಕಂಡರೆ ಮೊದಲ ಗುಮಾನಿ ಕಬ್ಬಿಣದ ಮೇಲೆ.

ಎಂಸಿವಿ ಕಮ್ಮಿ ಇದ್ದ ಮಾತ್ರಕ್ಕೆ ಕಬ್ಬಿಣದ ಕೊರತೆ ಎನ್ನುವಂತಿಲ್ಲ. ವರದಿಯಲ್ಲಿ ಕೆಂಪು ಕಣಗಳ ಎಣಿಕೆ ದಶಲಕ್ಷದಲ್ಲಿ ಇರುತ್ತದೆ. ಎಂಸಿವಿಯನ್ನು ಆ ಎಣಿಕೆಯಿಂದ ಭಾಗಿಸಿ. ಎಂಸಿವಿ 68, ಎಣಿಕೆ 3.9 ಇದ್ದರೆ 17.4 ಬರುತ್ತದೆ, 13ಕ್ಕಿಂತ ಹೆಚ್ಚು ಬಂದರೆ ಕಬ್ಬಿಣದ ಕೊರತೆಯ ಕಡೆ ವಾಲುತ್ತದೆ. ಎಂಸಿವಿ 66, ಎಣಿಕೆ 5.6 ಇದ್ದರೆ 11.8, ಇಲ್ಲಿ ಥಲಸ್ಸೀಮಿಯಾ ವಾಹಕರಾಗಿರುವ, ಅಂದರೆ ತಮಗೆ ತೀವ್ರ ಕಾಯಿಲೆ ಇಲ್ಲದಿದ್ದರೂ ಅದರ ದೋಷವನ್ನು ಮಕ್ಕಳಿಗೆ ದಾಟಿಸಬಲ್ಲವರಾಗಿರುವ, ಸಾಧ್ಯತೆ ಹೆಚ್ಚು. ಈ ಲೆಕ್ಕ ಬರೀ ಸೂಚನೆ, ಖಾತ್ರಿಗೆ ಹಿಮೋಗ್ಲೋಬಿನ್ ಎ2 ಪರೀಕ್ಷೆ ಬೇಕು. ಅದು 3.5 ಶೇಕಡಾ ದಾಟಿದರೆ ಬೀಟಾ ಥಲಸ್ಸೀಮಿಯಾ ವಾಹಕ ಎಂದು ಅರ್ಥ. ಕಬ್ಬಿಣದ ಕೊರತೆ ಜೊತೆಗಿದ್ದರೆ ಈ ಅಂಕಿ ಇಳಿದು ಮೋಸವಾಗಬಹುದು, ಆದ್ದರಿಂದ ಕೊರತೆ ಸರಿಪಡಿಸಿ ಮತ್ತೆ ನೋಡುವುದುಂಟು. ಮದುವೆ ಗೊತ್ತಾದ ಮನೆಗಳಲ್ಲಿ, ಅದರಲ್ಲೂ ಸಂಬಂಧದೊಳಗೇ ಮದುವೆ ಆಗುವ ಕಡೆ, ಈ ಪರೀಕ್ಷೆಯನ್ನು ದಯವಿಟ್ಟು ತಪ್ಪಿಸಬೇಡಿ. ಗಂಡು, ಹೆಣ್ಣು ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಎಂಸಿವಿ 100 ದಾಟಿದ್ದರೆ ಬಿ12 ಅಥವಾ ಫೋಲಿಕ್ ಆ್ಯಸಿಡ್ ಕಡೆ ನೋಡಬೇಕು. ಎಚ್‌ಬಿ 9.5, ಎಂಸಿವಿ 84, ಆರ್‌ಡಿಡಬ್ಲ್ಯೂ 19 ಹೀಗೆ ಬಂದರೆ? ಗಾತ್ರ ಸರಿಯಿದೆ ಎಂದು ಬಿಡಬೇಡಿ. ಕಬ್ಬಿಣದ ಕೊರತೆ ಕಣವನ್ನು ಸಣ್ಣದು ಮಾಡುತ್ತದೆ, ಬಿ12 ಕೊರತೆ ದೊಡ್ಡದು ಮಾಡುತ್ತದೆ. ಎರಡೂ ಸೇರಿದಾಗ ಸರಾಸರಿ ನಡುವೆ ನಿಂತುಬಿಡುತ್ತದೆ. ಮಾಂಸ, ಮೊಟ್ಟೆ ಮುಟ್ಟದ, ಹಾಲು-ಮೊಸರೂ ಅಷ್ಟಕ್ಕಷ್ಟೇ ಇರುವ ಮನೆಗಳಲ್ಲಿ ಇದು ಅಪರೂಪವಲ್ಲ. ಪಾದ ಜುಮುಗುಡುವುದು, ನಡಿಗೆ ತಪ್ಪುವುದು ಇದ್ದರೆ ಬಿ12 ಪರೀಕ್ಷೆ ಮೊದಲು ಆಗಲಿ. ಬರೀ ಫೋಲಿಕ್ ಆ್ಯಸಿಡ್ ಇರುವ ಗುಳಿಗೆ ತಿನ್ನುತ್ತ ಹೋದರೆ ರಕ್ತದ ಅಂಕಿ ಸುಧಾರಿಸಿದಂತೆ ಕಂಡರೂ ಒಳಗೆ ನರ ಹಾಳಾಗುತ್ತಲೇ ಇರುತ್ತದೆ.

ಎಚ್‌ಬಿ ಸರಿಯಿದೆ, ಆದರೂ ಸುಸ್ತು ಬಿಡುತ್ತಿಲ್ಲ

ಕಬ್ಬಿಣ ಕಮ್ಮಿಯಾದಾಗ ಮೊದಲು ಖಾಲಿಯಾಗುವುದು ದಾಸ್ತಾನು. ಎಚ್‌ಬಿ ಇಳಿಯುವುದು ಕೊನೆಗೆ. ದಾಸ್ತಾನು ಅಳೆಯುವ ಪರೀಕ್ಷೆಯೇ ಫೆರಿಟಿನ್. ದೊಡ್ಡವರಲ್ಲಿ 15 ನ್ಯಾನೋಗ್ರಾಂಗಿಂತ ಕಮ್ಮಿ, ಐದು ವರ್ಷದೊಳಗಿನ ಮಕ್ಕಳಲ್ಲಿ 12ಕ್ಕಿಂತ ಕಮ್ಮಿ ಬಂದರೆ ಕೊರತೆ ಖಾತ್ರಿ. ಬೇರೆ ಯಾವ ಕಾರಣದಿಂದಲೂ ಫೆರಿಟಿನ್ ಅಷ್ಟು ಇಳಿಯುವುದು ತೀರ ವಿರಳ. ಲಕ್ಷಣವಿದ್ದು 30ಕ್ಕಿಂತ ಕಮ್ಮಿ ಬಂದರೂ ಅನೇಕ ಡಾಕ್ಟರು ಚಿಕಿತ್ಸೆ ಶುರುಮಾಡುತ್ತಾರೆ, ಅದು ಸರಿಯಾದ ಕ್ರಮವೇ. ಕೆಲವು ಲ್ಯಾಬುಗಳ ಕಾಗದದಲ್ಲಿ ಹೆಂಗಸರ ಕೆಳಮಿತಿ 10ರ ಆಸುಪಾಸಿನಲ್ಲಿ ಅಚ್ಚಾಗಿರುತ್ತದೆ; 13 ಬಂದವರಿಗೆ ‘ನಾರ್ಮಲ್’ ಎಂದು ಹೇಳಿ ಕಳಿಸಿಬಿಡುತ್ತಾರೆ. ಅಚ್ಚಾದ ಮಿತಿಗಿಂತ ಅಂಕಿಯನ್ನೇ ನೋಡಿ ಕೇಳಿ. ಈ ಪರೀಕ್ಷೆಗೆ ಉಪವಾಸ ಬೇಕಿಲ್ಲ. ಫೆರಿಟಿನ್ ಸಾಕಷ್ಟಿದ್ದೂ ಸುಸ್ತಿದ್ದರೆ ಥೈರಾಯ್ಡ್, ಸಕ್ಕರೆ, ಬಿ12 ನೋಡಿಸಬೇಕು.

ಫೆರಿಟಿನ್ ಸರಿಯಿದೆ, ಉಳಿದೆಲ್ಲ ಕಬ್ಬಿಣದ ಕೊರತೆಯಂತಿದೆ

ಮೈಯಲ್ಲಿ ಎಲ್ಲೇ ಉರಿಯೂತ ಇದ್ದರೂ ಫೆರಿಟಿನ್ ಏರುತ್ತದೆ. ಜ್ವರ, ಕ್ಷಯ, ಕೀಲುವಾತ, ಯಕೃತ್ತಿನ ಕಾಯಿಲೆ ಇದ್ದಾಗ ಬಂದ 45 ಎಂಬ ಅಂಕಿಯ ಹಿಂದೆ ಖಾಲಿ ದಾಸ್ತಾನು ಇರಬಹುದು. ಉರಿಯೂತ ಇದ್ದಾಗ ದೊಡ್ಡವರಲ್ಲಿ 70ಕ್ಕಿಂತ ಕಮ್ಮಿ ಬಂದರೂ ಕೊರತೆ ಎಂದು ಎಣಿಸುತ್ತಾರೆ. ಇದಕ್ಕಾಗಿಯೇ ಫೆರಿಟಿನ್ ಜೊತೆಗೆ ಉರಿಯೂತ ಇದೆಯೇ ಎಂದು ತೋರಿಸುವ ಸಿಆರ್‌ಪಿ ಪರೀಕ್ಷೆ ಮಾಡಿಸುವುದು. ಜ್ವರ ಬಂದು ಹೋದ ಮೇಲೆ ಎರಡು-ಮೂರು ವಾರ ಬಿಟ್ಟು ಮಾಡಿಸಿದರೆ ಇನ್ನೂ ಒಳ್ಳೆಯದು.

ಆಗಲೂ ಗೊಂದಲ ಉಳಿದರೆ ಐರನ್ ಪ್ರೊಫೈಲ್ ಎಂಬ ಪರೀಕ್ಷೆ ಮಾಡಿಸಬೇಕು. ಇದರಲ್ಲಿ ಸೀರಂ ಐರನ್ (ಕಣ ಬೇರ್ಪಡಿಸಿದ ರಕ್ತದ ತಿಳಿಯಲ್ಲಿರುವ ಕಬ್ಬಿಣ) ಅಂಕಿಯನ್ನು ಮಾತ್ರ ನೋಡಿ ತೀರ್ಮಾನಿಸುವುದು ತಪ್ಪು. ಅದು ದಿನದೊಳಗೇ ಏರಿಳಿಯುತ್ತದೆ, ನಿನ್ನೆ ತಿಂದ ಒಂದು ಗುಳಿಗೆಯಿಂದಲೇ ಜಿಗಿಯುತ್ತದೆ. ನೋಡಬೇಕಾದ್ದು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಎಂಬುದು: ಸೀರಂ ಐರನ್ 35, ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಎಂಬ ಅಂಕಿ) 450 ಇದ್ದರೆ 35ನ್ನು 450ರಿಂದ ಭಾಗಿಸಿ ನೂರರಿಂದ ಗುಣಿಸಿ, 7.8 ಶೇಕಡಾ. 16ಕ್ಕಿಂತ ಕಮ್ಮಿ ಇದ್ದರೆ ಮಜ್ಜೆಗೆ ಕಬ್ಬಿಣ ಸಾಲುತ್ತಿಲ್ಲ ಎಂದರ್ಥ. ಟಿಐಬಿಸಿ ಏರಿದ್ದರೆ ನಿಜವಾದ ಕೊರತೆ. ಅದೂ ಇಳಿದಿದ್ದರೆ ಬಹಳ ದಿನದ ಕಾಯಿಲೆಯ ಗುಮಾನಿ. ಈ ಪರೀಕ್ಷೆಗೆ ಕನಿಷ್ಠ 24 ತಾಸು ಮೊದಲು ಕಬ್ಬಿಣದ ಗುಳಿಗೆ ನಿಲ್ಲಿಸಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ.

ನಮ್ಮ ಕಡೆಯ ಬಿಸಿಲಿಗೆ ರಕ್ತದ ಮಾದರಿಯೂ ಕೆಡುತ್ತದೆ. ಔರಾದ, ಚಿಂಚೋಳಿ, ಸುರಪುರದ ಊರುಗಳಲ್ಲಿ ಬೆಳಗ್ಗೆ ತೆಗೆದ ರಕ್ತ ಸಂಜೆ ಜಿಲ್ಲಾ ಕೇಂದ್ರದ ಲ್ಯಾಬಿಗೆ ಮುಟ್ಟುವುದುಂಟು. ಸಿಬಿಸಿಗೆಂದು ತೆಗೆದ ನೇರಳೆ ಮುಚ್ಚಳದ ಟ್ಯೂಬಿನ ರಕ್ತ ತಾಸುಗಟ್ಟಲೆ ಬಿಸಿಯಲ್ಲಿದ್ದರೆ ಕಣ ಉಬ್ಬಿ ಎಂಸಿವಿ ಏರುತ್ತದೆ, ಸಣ್ಣ ಕಣದ ಗುರುತೇ ಅಳಿಸಿಹೋಗುತ್ತದೆ. ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬಿನಿಂದ ಎರಡು ತಾಸಿನೊಳಗೆ ಸೀರಂ ಬೇರೆ ಮಾಡಬೇಕು. ಕಣ ಒಡೆದರೆ ಒಳಗಿನ ಕಬ್ಬಿಣ ಸೀರಂಗೆ ಇಳಿದು ಕಮ್ಮಿ ಇದ್ದದ್ದು ಸರಿಯಿದ್ದಂತೆ ಕಾಣುತ್ತದೆ. ವರದಿಯಲ್ಲಿ ‘ಹಿಮೊಲೈಸ್ಡ್’ (ಕಣ ಒಡೆದಿದೆ) ಎಂದು ಬರೆದಿದ್ದರೆ ಆ ಅಂಕಿ ಬಿಟ್ಟು ಮತ್ತೆ ರಕ್ತ ಕೊಡಿ. ಕೊಡುವಾಗಲೇ ‘ಎಷ್ಟು ಹೊತ್ತಿಗೆ ಲ್ಯಾಬ್ ಮುಟ್ಟುತ್ತದೆ, ಐಸ್ ಡಬ್ಬಿ ಇದೆಯೇ’ ಎಂದು ಕೇಳುವ ಹಕ್ಕು ನಿಮಗಿದೆ. ಮೈಯಲ್ಲಿ ನೀರು ಕಮ್ಮಿಯಾಗಿದ್ದರೆ ರಕ್ತ ಗಟ್ಟಿಯಾಗಿ ಎಚ್‌ಬಿ ಹೆಚ್ಚು ತೋರುವುದೂ ಇದೆ, ಆದ್ದರಿಂದ ನೀರು ಕುಡಿದು ಹೋಗಿ.

ಗುಳಿಗೆ ತಿಂದರೂ ರಕ್ತ ಏರುತ್ತಿಲ್ಲ

ಸರಿಯಾಗಿ ತಿಂದರೆ ನಾಲ್ಕು ವಾರದಲ್ಲಿ ಎಚ್‌ಬಿ ಕನಿಷ್ಠ 1 ಗ್ರಾಂ ಏರಬೇಕು. ಏರದಿದ್ದರೆ ಗುಳಿಗೆ ಬದಲಿಸುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ.

ನಿಜವಾಗಿ ಹೊಟ್ಟೆಗೆ ಹೋಗುತ್ತಿದೆಯೇ? ಓಕರಿಕೆ, ಮಲಬದ್ಧತೆ ಆಗಿ ಅರ್ಧಕ್ಕೆ ಬಿಟ್ಟವರು ಬಹಳ. ಸಂಡಾಸ ಕಪ್ಪಾಯಿತೆಂದು ಹೆದರಿ ಬಿಟ್ಟವರೂ ಇದ್ದಾರೆ. ಗುಳಿಗೆಯಿಂದ ಗಟ್ಟಿಯಾಗಿ ಕಪ್ಪು-ಹಸಿರು ಬಣ್ಣದಲ್ಲಿ ಆದರೆ ಅದು ಸಹಜ. ತಾಳಿಕೆಯಾಗದಿದ್ದರೆ ಡಾಕ್ಟರನ್ನು ಕೇಳಿ ದಿನ ಬಿಟ್ಟು ದಿನ ತಗೊಳ್ಳಬಹುದು. ದಿನ ಬಿಟ್ಟು ತಿಂದಾಗ ಒಂದೊಂದು ಗುಳಿಗೆಯಿಂದಲೂ ಕಬ್ಬಿಣ ಹೆಚ್ಚು ಹೀರಿಕೊಳ್ಳುತ್ತದೆ.

ಯಾವುದರ ಜೊತೆ ತಿನ್ನುತ್ತಿದ್ದೀರಿ? ಬೆಳಗ್ಗೆ ಚಹಾದ ಜೊತೆ ನುಂಗಿದರೆ ಚಹಾದ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಲು, ಸುಣ್ಣಾಂಶದ ಗುಳಿಗೆ, ಎದೆಯುರಿಯ ಔಷಧಿಯೂ ಅಡ್ಡಿ. ಗರ್ಭಿಣಿಯರಿಗೆ ಕ್ಯಾಲ್ಸಿಯಂ, ಕಬ್ಬಿಣ ಎರಡೂ ಕೊಡುತ್ತಾರೆ. ಒಟ್ಟಿಗೆ ನುಂಗದೆ ಎರಡು ತಾಸು ಅಂತರ ಇಡಿ. ಥೈರಾಯ್ಡ್ ಗುಳಿಗೆಗೆ ನಾಲ್ಕು ತಾಸು. ಖಾಲಿ ಹೊಟ್ಟೆಗೆ ನಿಂಬೆ ನೀರಿನ ಜೊತೆ ಒಳ್ಳೆಯದು, ಹೊಟ್ಟೆ ಕೆಟ್ಟರೆ ಊಟದ ನಂತರ. ಊಟದ ಹಿಂದೆ-ಮುಂದೆ ಒಂದು ತಾಸು ಚಹಾ ಬಿಡಿ. ತೊಗರಿ ಬೇಳೆ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ, ಕುದಿಸುವಾಗ ಹಾಕಿದರೆ ಸಿ ಜೀವಸತ್ವ ನಾಶವಾಗುತ್ತದೆ. ವಾರದಲ್ಲಿ ಒಂದೆರಡು ದಿನ ಜೋಳದ ಬದಲು ಸಜ್ಜೆ ರೊಟ್ಟಿ ಮಾಡಿದರೆ ಕಬ್ಬಿಣ ಹೆಚ್ಚು ಸಿಗುತ್ತದೆ. ಬೀಟ್ರೂಟ್, ದಾಳಿಂಬೆ ಕೆಂಪಗಿವೆ ಎಂದು ದುಡ್ಡು ಸುರಿಯಬೇಡಿ; 100 ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಕೊರತೆ ಆದ ಮೇಲೆ ಬರೀ ಊಟದಿಂದ ದಾಸ್ತಾನು ತುಂಬುವುದು ಆಗದ ಮಾತು, ಗುಳಿಗೆ ಬೇಕೇ ಬೇಕು.

ಎಲ್ಲಿಂದಾದರೂ ಸೋರುತ್ತಿದೆಯೇ? ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿದೆ. ಊಟದಿಂದ ದಿನಕ್ಕೆ ಮೈಗೆ ಹತ್ತುವುದು ಒಂದೆರಡು ಮಿಲಿಗ್ರಾಂ. ಮೂಲವ್ಯಾಧಿಯಿಂದ ದಿನಾ ಒಂದು ಚಮಚ ರಕ್ತ ಹೋದರೂ ಲೆಕ್ಕ ತಲೆಕೆಳಗಾಗುತ್ತದೆ. ಮುಟ್ಟು ಏಳು ದಿನ ದಾಟುತ್ತದೆಯೇ, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬೀಳುತ್ತವೆಯೇ, ಬಟ್ಟೆ ಬದಲಿಸಲು ರಾತ್ರಿ ಏಳಬೇಕೇ? ಹೌದಾದರೆ ಸ್ಕ್ಯಾನಿಂಗ್ ಮಾಡಿಸಿ. ಸ್ರಾವ ಕಮ್ಮಿ ಮಾಡುವ ಔಷಧಿಗಳಿವೆ. ಮೊದಲ ಭೇಟಿಯಲ್ಲೇ ಗರ್ಭಕೋಶ ತೆಗೆಸಿರಿ ಎಂದರೆ ಒಪ್ಪಬೇಡಿ, ಇನ್ನೊಬ್ಬ ತಜ್ಞರಿಗೆ ತೋರಿಸಿ. ಬರಿಗಾಲಲ್ಲಿ ಹೊಲಕ್ಕೆ ಹೋಗುವವರಲ್ಲಿ ಕೊಕ್ಕೆಹುಳ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತಿರಬಹುದು. 400 ಮಿಲಿಗ್ರಾಂ ಆಲ್ಬೆಂಡಜೋಲ್ ಒಂದು ಗುಳಿಗೆ ಸಾಕಾಗುತ್ತದೆ, ಬಸಿರಿನ ಮೊದಲ ಮೂರು ತಿಂಗಳು ಮಾತ್ರ ಬೇಡ.

ಇವೆಲ್ಲ ಸರಿಯಿದ್ದೂ ಏರದಿದ್ದರೆ ಥಲಸ್ಸೀಮಿಯಾ, ಬಿ12, ಮೂತ್ರಪಿಂಡ, ಕರುಳು ಹೀರಿಕೊಳ್ಳದ ಕಾಯಿಲೆ ಹುಡುಕಬೇಕು. ಅದು ತಜ್ಞರ ಕೆಲಸ. ನರಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಒಳ್ಳೆಯದೇ, ಆದರೆ ಅಲರ್ಜಿಯಾದರೆ ತಕ್ಷಣ ನಿಭಾಯಿಸುವ ದವಾಖಾನೆಯಲ್ಲಿ ಮಾತ್ರ. ಮನೆಗೆ ಬಂದು ಹಾಕುವವರಿಂದ ಹಾಕಿಸಿಕೊಳ್ಳಬೇಡಿ.

ಗಂಡಸರಿಗೆ, ಮುಟ್ಟು ನಿಂತವರಿಗೆ ಕಬ್ಬಿಣ ಕಮ್ಮಿ ಬಂದರೆ

ಇಲ್ಲಿ ಗುಳಿಗೆ ಕೊಟ್ಟು ಕಾಯುವಂತಿಲ್ಲ. ರಕ್ತ ಹೋಗುವ ದಾರಿ ಹೆಚ್ಚಾಗಿ ಹೊಟ್ಟೆ ಮತ್ತು ಕರುಳು: ಹುಣ್ಣು, ಗಡ್ಡೆ, ಕೆಲವೊಮ್ಮೆ ಕ್ಯಾನ್ಸರ್. ತೊಗರಿ ಕೊಯ್ಲು, ಕಲ್ಲುಗಣಿ, ಗಾರೆ ಕೆಲಸದ ದಿನಗಳಲ್ಲಿ ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ಗುಳಿಗೆ ತಂದು ನಿತ್ಯ ನುಂಗುವವರ ಜಠರದಲ್ಲಿ ಹುಣ್ಣಾಗಿ ಗೊತ್ತಾಗದಂತೆ ರಕ್ತ ಜಿನುಗುತ್ತದೆ. ಡಾಕ್ಟರು ಕೇಳದಿದ್ದರೂ ಈ ಗುಳಿಗೆಯ ವಿಷಯ ನೀವೇ ಹೇಳಿ. ಕೊಳವೆ ಇಳಿಸಿ ಜಠರ ನೋಡುವ ಎಂಡೋಸ್ಕೋಪಿ, ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿ ಬೇಕೆಂದರೆ ಮುಂದೂಡಬೇಡಿ. ಮೂಲವ್ಯಾಧಿ ಇದೆ ಎಂಬ ಕಾರಣಕ್ಕೆ ಉಳಿದ ಕರುಳನ್ನು ನೋಡದೆ ಬಿಡುವುದು ಅಪಾಯ.

ಗರ್ಭಿಣಿಯರಿಗೆ

ಸರ್ಕಾರ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಕನಿಷ್ಠ 180 ದಿನ. ಹೆರಿಗೆಯ ನಂತರ ಮತ್ತೆ 180 ದಿನ. ಎಚ್‌ಬಿ 7ರಿಂದ 10.9 ಇದ್ದರೆ ದಿನಕ್ಕೆರಡು. ತಿಂಗಳಿಗೊಮ್ಮೆ ಎಚ್‌ಬಿ ನೋಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಕೇಂದ್ರಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ. 7ಕ್ಕಿಂತ ಕಮ್ಮಿಯಾಗಿ ಕೊನೆಯ ಮೂರು ತಿಂಗಳಲ್ಲಿದ್ದರೆ, ಅಥವಾ ಯಾವ ತಿಂಗಳಲ್ಲೇ ಆಗಲಿ 5ಕ್ಕಿಂತ ಕಮ್ಮಿ ಇದ್ದರೆ, ದಾಖಲಾಗಲೇಬೇಕು. ಗುಳಿಗೆ ತಿಂದರೆ ಕೂಸು ಕಪ್ಪಾಗುತ್ತದೆ ಎಂಬುದು ಸುಳ್ಳು.

ಎಚ್‌ಬಿ ಸರಿಯಾದ ಮೇಲೆ

ಇಲ್ಲಿಯೇ ಬಹಳ ಜನ ಎಡವುತ್ತಾರೆ. ಅಂಕಿ 12 ಮುಟ್ಟಿದಾಗ ದಾಸ್ತಾನು ಇನ್ನೂ ಖಾಲಿ ಇರುತ್ತದೆ. ಮುಂದೆ ಮೂರು ತಿಂಗಳು ಗುಳಿಗೆ ಮುಂದುವರಿಸಿ, ನಂತರ ಫೆರಿಟಿನ್ ನೋಡಿಸಿ ನಿಲ್ಲಿಸಿ.

ಅಷ್ಟು ದಿನ ಗುಳಿಗೆ ಮನೆಯಲ್ಲಿ ಇರುತ್ತದೆ, ಅದೂ ಬಣ್ಣಬಣ್ಣದ್ದು, ಹೊರಗೆ ಸಕ್ಕರೆ ಲೇಪ. ಚಿಕ್ಕ ಮಕ್ಕಳ ಕೈಗೆ ಸಿಕ್ಕರೆ ವಿಷ. 10 ಕಿಲೋ ತೂಕದ ಮಗು ನಾಲ್ಕು ಕೆಂಪು ಗುಳಿಗೆ ನುಂಗಿದರೆ ತೊಂದರೆ ಶುರು, ಹತ್ತು ನುಂಗಿದರೆ ಜೀವಕ್ಕೇ ಅಪಾಯ. ಬೀಗವಿರುವ ಕಡೆ, ಎತ್ತರದಲ್ಲಿ ಇಡಿ. ನುಂಗಿದ್ದು ಗೊತ್ತಾದರೆ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಳಿದ ಗುಳಿಗೆಯ ಪಟ್ಟಿ ತಗೊಂಡು ನೇರ ದವಾಖಾನೆಗೆ ಹೋಗಿ. ಮೊದಲು ವಾಂತಿ, ಹೊಟ್ಟೆನೋವು ಆಗಿ ಕೆಲವು ತಾಸಿನ ನಂತರ ಮಗು ಚೇತರಿಸಿಕೊಂಡಂತೆ ಆಡತೊಡಗಬಹುದು. ಅದನ್ನು ನೋಡಿ ಅರ್ಧ ದಾರಿಯಿಂದ ಮನೆಗೆ ತಿರುಗಬೇಡಿ, ಯಕೃತ್ತಿಗೆ ಪೆಟ್ಟು ಬೀಳುವುದು ಅದರ ನಂತರವೇ.